ಪ್ಲಗಿನ್‌ಗಳು ತಂತ್ರಾಂಶದೊಂದಿಗೇ ಬರಬೇಕೇ, ಬೇರೆಯಾಗಿ ಸಿಗಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೋತ್ತರ ಯಾರಿಗಾಗಿ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಸೀಮೆಯ ಕಾಲೇಜು ಗ್ರಂಥಾಲಯಗಳಲ್ಲಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ನಡೆಸುವವರು, ಕ್ಯೂಜಿಐಎಸ್‌ನಲ್ಲಿ ತೋಟ, ಹಳ್ಳ, ಕಾನುಗಳ ನಕ್ಷೆ ಮಾಡುವವರು, ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಅಡಾಸಿಟಿಯಲ್ಲಿ ಸಂಕಲಿಸುವವರು ಮತ್ತು ತಮ್ಮದೇ ಮುಕ್ತ ತಂತ್ರಾಂಶ ಬರೆಯತೊಡಗಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಮ್ಮ ಬಳಗವನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. “ಇದು ಯಾಕೆ ತಂತ್ರಾಂಶದ ಜೊತೆಗೇ ಬಂದಿಲ್ಲ?” ಎಂದು ಬಳಸುವವರು ಕೇಳುತ್ತಾರೆ, “ಇಷ್ಟನ್ನೆಲ್ಲ ಜೊತೆಗೆ ಯಾಕೆ ತುರುಕಿದ್ದಾರೆ?” ಎಂದು ಸರ್ವರ್ ನೋಡಿಕೊಳ್ಳುವವರು ಕೇಳುತ್ತಾರೆ.

ಪ್ಲಗಿನ್ ಎಂದರೆ ತಂತ್ರಾಂಶದ ಒಂದು ಭಾಗವೇ ಅಲ್ಲವೇ? ಬೇರೆ ಎಂದು ಹೇಳುವುದು ಯಾವ ಲೆಕ್ಕದಲ್ಲಿ?

ಮೂಲ ತಂತ್ರಾಂಶದ ಕೋಡನ್ನು ಮುಟ್ಟದೆ, ಅದು ಹೊರಗಿನವರಿಗಾಗಿ ತೆರೆದಿಟ್ಟ ಕೊಂಡಿಗಳನ್ನು ಹಿಡಿದು ಹೊಸ ಕೆಲಸವನ್ನು ಸೇರಿಸುವ ತುಣುಕೇ ಪ್ಲಗಿನ್. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯ ಹಾಗೆ: ಬಳ್ಳಿಗೆ ಸೊರಗು ರೋಗ ಬಂದರೆ ಬಳ್ಳಿಯನ್ನಷ್ಟೇ ಕಿತ್ತು ಹಾಕಬಹುದು, ಮರ ಬಿದ್ದರೆ ಮಾತ್ರ ಬಳ್ಳಿ ನಿಲ್ಲುವುದಿಲ್ಲ.

ಆದರೆ ಕೋಡನ್ನು ಹೇಗೆ ವಿಂಗಡಿಸಿದ್ದಾರೆ ಎಂಬುದು ಒಂದು ವಿಷಯ, ಅದನ್ನು ಬಳಕೆದಾರರಿಗೆ ಹೇಗೆ ತಲುಪಿಸುತ್ತಾರೆ ಎಂಬುದು ಇನ್ನೊಂದು. ವಿಎಲ್‌ಸಿ ಪ್ಲೇಯರ್‌ನ ಒಳಗೆ ಬಹುಪಾಲು ಕೆಲಸವನ್ನು ಮಾಡುವುದು ಪ್ಲಗಿನ್‌ಗಳೇ. ಇನ್‌ಸ್ಟಾಲ್ ಆದ ಫೋಲ್ಡರ್ ತೆರೆದು ನೋಡಿದರೆ ಅವು ಸಾಲುಸಾಲಾಗಿ ಕಾಣುತ್ತವೆ. ಆದರೂ ಅವೆಲ್ಲವೂ ಒಂದೇ ಕಡತದಲ್ಲಿ ಬರುತ್ತವೆ, ಹೀಗಾಗಿ ಬಳಸುವವರಿಗೆ ಅವುಗಳ ಸುಳಿವೇ ಇರುವುದಿಲ್ಲ. ಹಾಗೆಯೇ ಜೊತೆಗೆ ಬಂದದ್ದೆಲ್ಲ ಚಾಲೂ ಆಗಿರಬೇಕೆಂದೂ ಇಲ್ಲ. ಜಾಲತಾಣ ಕಟ್ಟುವ ವರ್ಡ್‌ಪ್ರೆಸ್‌ನೊಂದಿಗೆ ಕಸದ ಟಿಪ್ಪಣಿಗಳನ್ನು ತಡೆಯುವ ಅಕಿಸ್ಮೆಟ್ ಎಂಬ ಪ್ಲಗಿನ್ ಬಹುಕಾಲದಿಂದ ಬರುತ್ತಿದೆ, ಆದರೆ ನೀವಾಗಿ ಚಾಲೂ ಮಾಡುವವರೆಗೆ ಅದು ಸುಮ್ಮನಿರುತ್ತದೆ. ಬೇರೆಯಾಗಿ ಬರೆಯುವುದು, ಬೇರೆಯಾಗಿ ಹಂಚುವುದು, ಬೇರೆಯಾಗಿ ಚಾಲೂ ಮಾಡುವುದು ಎಂಬ ಮೂರು ನಿರ್ಧಾರಗಳನ್ನು ಒಂದೇ ಎಂದು ತಿಳಿದು ವಾದಿಸುವುದರಿಂದಲೇ ಈ ಚರ್ಚೆ ಬಹಳ ಸಲ ದಾರಿ ತಪ್ಪುತ್ತದೆ.

ಒಳ್ಳೆಯ ಪ್ಲಗಿನ್‌ಗಳನ್ನೆಲ್ಲ ಜೊತೆಗೇ ಕೊಟ್ಟುಬಿಟ್ಟರೆ ಏನು ತೊಂದರೆ?

ಡೌನ್‌ಲೋಡ್ ದೊಡ್ಡದಾಗುತ್ತದೆ ಎಂಬ ಉತ್ತರವನ್ನು ಎಲ್ಲರೂ ಕೊಡುತ್ತಾರೆ, ಆದರೆ ಅದು ಮುಖ್ಯವಾದ ತೊಂದರೆಯಲ್ಲ. ಒಂದು ಪ್ಲಗಿನ್ನನ್ನು ತಂತ್ರಾಂಶದೊಳಗೆ ಸೇರಿಸಿಕೊಂಡ ದಿನದಿಂದ ಅದರ ದೋಷಗಳೆಲ್ಲ ಮೂಲ ತಂಡದ ದೋಷಗಳಾಗುತ್ತವೆ. ಬರೆದವರು ಊರು ಬಿಟ್ಟರೂ, ಕೆಲಸ ಬದಲಿಸಿದರೂ, ಆಸಕ್ತಿ ಕಳೆದುಕೊಂಡರೂ ದೂರುಗಳು ಬರುವುದು ಮೂಲ ತಂಡಕ್ಕೇ. ಜೊತೆಗೆ ಕೊಡುವುದೆಂದರೆ ಮುಂದಿನ ಪ್ರತಿಯೊಂದು ಆವೃತ್ತಿಯಲ್ಲೂ ಇದನ್ನು ನಾವೇ ರಿಪೇರಿ ಮಾಡುತ್ತೇವೆ ಎಂದು ಮಾತು ಕೊಟ್ಟಂತೆ. ಆ ಮಾತನ್ನು ಉಳಿಸಿಕೊಳ್ಳಲು ಜನ ಇಲ್ಲದಿದ್ದರೆ ಜೊತೆಗೆ ಕೊಡದಿರುವುದೇ ಪ್ರಾಮಾಣಿಕವಾದ ನಡೆ.

ಕ್ಯೂಜಿಐಎಸ್‌ನಲ್ಲೇ ಇದಕ್ಕೆ ಉದಾಹರಣೆಯಿದೆ. ಸಾಗಾ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಭೂವಿಶ್ಲೇಷಣಾ ಸಾಧನಗಳನ್ನು ಕ್ಯೂಜಿಐಎಸ್ ಒಳಗಿನಿಂದಲೇ ಬಳಸುವ ಕೊಂಡಿ ಬಹುಕಾಲ ಅದರೊಂದಿಗೇ ಬರುತ್ತಿತ್ತು. ಸಾಗಾ ತನ್ನ ಪಾಡಿಗೆ ಹೊಸ ಆವೃತ್ತಿಗಳನ್ನು ತರುತ್ತಾ ಹೋಯಿತು. ಕೊಂಡಿ ಮಾತ್ರ ಹಳೆಯ ಒಂದು ಆವೃತ್ತಿಗೇ ಅಂಟಿಕೊಂಡು ಕುಳಿತಿತು. ಹಳ್ಳದ ಜಲಾನಯನ ಪ್ರದೇಶವನ್ನು ಗುರುತಿಸಲು ಹೊರಟವರಿಗೆ ಮೆನುವಿನಲ್ಲಿ ಹೆಸರು ಕಾಣುತ್ತಿತ್ತು, ಒತ್ತಿದರೆ ದೋಷದ ಸಂದೇಶ ಬರುತ್ತಿತ್ತು. ಕೊನೆಗೆ ಆ ಕೊಂಡಿಯನ್ನು ಮೂಲ ತಂತ್ರಾಂಶದಿಂದ ತೆಗೆಯಲಾಯಿತು, ಆಸಕ್ತರು ಅದನ್ನು ಬೇರೆ ಪ್ಲಗಿನ್ ಆಗಿ ಮುಂದುವರಿಸಿದರು. ಹೊರಗೆ ಹೋದ ಮೇಲೆಯೇ ಅದು ಸಾಗಾದ ಹೊಸ ಆವೃತ್ತಿಗಳೊಂದಿಗೆ ಹೆಜ್ಜೆ ಹಾಕುವಂತಾಯಿತು.

ಎರಡನೆಯ ತೊಂದರೆ ಸುರಕ್ಷತೆಯದು. 2021ರ ಡಿಸೆಂಬರ್‌ನಲ್ಲಿ ಜಗತ್ತಿನ ಸರ್ವರ್‌ಗಳನ್ನೆಲ್ಲ ಗಾಬರಿಗೊಳಿಸಿದ ಲಾಗ್‌ಫೋರ್‌ಜೆ ದೋಷವನ್ನು ನೆನಪಿಸಿಕೊಳ್ಳಿ. ಜಾವಾ ತಂತ್ರಾಂಶಗಳ ದಿನಚರಿ ಬರೆಯುವ ಆ ಸಾಧನದೊಳಗೆ ದೂರದ ಸರ್ವರ್‌ನಿಂದ ಮಾಹಿತಿ ಹುಡುಕಿ ತರುವ ಒಂದು ಸೌಲಭ್ಯವನ್ನು 2013ರಲ್ಲಿ ಸೇರಿಸಲಾಗಿತ್ತು. ಅದು ಬೇಕಿದ್ದವರು ತೀರ ಕಡಿಮೆ, ಆದರೂ ಅದು ಎಲ್ಲರ ಕೈಗೂ, ಅದೂ ಚಾಲೂ ಸ್ಥಿತಿಯಲ್ಲೇ ಹೋಯಿತು. ದೋಷ ಬಯಲಾದಾಗ ತಕ್ಷಣಕ್ಕೆ ಹೊಸ ಆವೃತ್ತಿಗೆ ಹೋಗಲಾಗದವರಿಗೆ ಕೊಟ್ಟ ಸಲಹೆಯೆಂದರೆ ಜಾವಾ ಕೋಡನ್ನು ಕಟ್ಟಿಟ್ಟ ಜಾರ್ ಕಡತವನ್ನು ಬಿಚ್ಚಿ, ಆ ಸೌಲಭ್ಯಕ್ಕೆ ಸೇರಿದ ಒಂದೇ ಒಂದು ಕ್ಲಾಸ್ ಕಡತವನ್ನು ಅಳಿಸಿಬಿಡಿ ಎಂಬುದು. ಅದನ್ನು ಅಳಿಸಿದ ಮೇಲೂ ಬಹುತೇಕ ತಂತ್ರಾಂಶಗಳು ಎಂದಿನಂತೆ ನಡೆದವು. ಮೊದಲಿನಿಂದಲೂ ಅದು ಬೇರೆ ತುಣುಕಾಗಿ, ಕೇಳಿದವರಿಗಷ್ಟೇ ಸಿಗುವಂತಿದ್ದರೆ ಆ ತಿಂಗಳು ಬಹಳ ಜನ ನಿದ್ದೆಗೆಡಬೇಕಿರಲಿಲ್ಲ.

ಹಾಗಾದರೆ ಎಲ್ಲವನ್ನೂ ಬೇರೆಯಾಗಿಯೇ ಇಡಬಹುದಲ್ಲ?

ಬೇರೆ ಇಟ್ಟ ಪ್ಲಗಿನ್‌ಗಳ ಪರೀಕ್ಷೆ ನಡೆಯುವುದು ಮೂಲ ತಂತ್ರಾಂಶ ದೊಡ್ಡದಾಗಿ ಬದಲಾದ ದಿನ. 2018ರ ಫೆಬ್ರವರಿಯಲ್ಲಿ ಬಂದ ಕ್ಯೂಜಿಐಎಸ್ 3.0 ಪ್ಲಗಿನ್‌ಗಳನ್ನು ಬರೆಯುವ ಪೈಥಾನ್ ಭಾಷೆಯ 3ನೆಯ ಆವೃತ್ತಿಗೆ ದಾಟಿತು. ತಂತ್ರಾಂಶದೊಂದಿಗೆ ಬರುವ ಕೋರ್ ಪ್ಲಗಿನ್‌ಗಳನ್ನು ತಂಡವೇ ತಿದ್ದಿ ಜೊತೆಯಲ್ಲಿ ದಾಟಿಸಿತು, ಆದರೆ ಹೊರಗಿನ ಭಂಡಾರದಲ್ಲಿದ್ದವು ಬರೆದವರು ಮನಸ್ಸು ಮಾಡಿದರೆ ದಾಟಿದವು, ಇಲ್ಲದಿದ್ದರೆ ಅಲ್ಲೇ ಉಳಿದವು. ಒಂದೆರಡು ಹಳೆಯ ಪ್ಲಗಿನ್‌ಗಳಿಗಾಗಿ 2.18ನ್ನೇ ಬಿಡದೆ ಹಿಡಿದುಕೊಂಡವರು ನಮ್ಮಲ್ಲೂ ಇದ್ದರು. ಫೈರ್‌ಫಾಕ್ಸ್ 2017ರ ನವೆಂಬರ್‌ನಲ್ಲಿ 57ನೆಯ ಆವೃತ್ತಿಯೊಂದಿಗೆ ಹಳೆಯ ಬಗೆಯ ಎಕ್ಸ್‌ಟೆನ್ಶನ್‌ಗಳನ್ನು ಕೈಬಿಟ್ಟಾಗಲೂ, ಚಿತ್ರ ತಿದ್ದುವ ಜಿಂಪ್ 2025ರಲ್ಲಿ 3.0ಕ್ಕೆ ಬಂದಾಗಲೂ ಆದದ್ದು ಇದೇ.

ಇದಕ್ಕೆ ಎದುರಾದ ದಾರಿಯನ್ನು ಹಿಡಿದದ್ದು ಲಿನಕ್ಸ್‌ನ ತಿರುಳಾದ ಕರ್ನಲ್. ಯಂತ್ರಭಾಗಗಳನ್ನು ನಡೆಸುವ ಡ್ರೈವರ್‌ಗಳು ಒಂದರ್ಥದಲ್ಲಿ ಕರ್ನಲ್‌ನ ಪ್ಲಗಿನ್‌ಗಳೇ, ಆದರೆ ಅವುಗಳನ್ನು ಕರ್ನಲ್‌ನ ಕೋಡಿನೊಳಗೇ ತಂದಿಡಿ ಎಂದು ಆ ತಂಡ ಮೊದಲಿನಿಂದಲೂ ಒತ್ತಾಯಿಸುತ್ತದೆ. ಒಳಗಿನ ಕೊಂಡಿಗಳು ಹೀಗೇ ಇರುತ್ತವೆ ಎಂದು ಅದು ಯಾರಿಗೂ ಭರವಸೆ ಕೊಡುವುದಿಲ್ಲ. ಬದಲಿಗೆ, ಕೊಂಡಿಯನ್ನು ಬದಲಿಸಿದವರೇ ಅದನ್ನು ಬಳಸುವ ಎಲ್ಲ ಡ್ರೈವರ್‌ಗಳನ್ನೂ ತಿದ್ದಿಕೊಡಬೇಕು. ಒಳಗಿದ್ದವರಿಗೆ ರಿಪೇರಿ ಪುಕ್ಕಟೆಯಾಗಿ ಸಿಗುತ್ತದೆ, ಹೊರಗಿದ್ದವರು ಪ್ರತಿ ಆವೃತ್ತಿಗೂ ಹಿಂದೆ ಓಡುತ್ತಿರಬೇಕು. ಈ ಪದ್ಧತಿಯನ್ನು ಎಲ್ಲ ತಂತ್ರಾಂಶಗಳೂ ಅನುಸರಿಸಲಾರವು, ಏಕೆಂದರೆ ಕರ್ನಲ್‌ಗೆ ಇರುವಷ್ಟು ಕೈಗಳು ಬೇರೆ ಯೋಜನೆಗಳಿಗಿಲ್ಲ.

ನಮ್ಮೂರಿನಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ. ಬೇರೆಯಾಗಿ ಹಂಚುವುದೆಂದರೆ ನಮಗೆ ಸಿಗದಂತೆ ಮಾಡಿದ ಹಾಗೆ ಅಲ್ಲವೇ?

ಈ ಆಕ್ಷೇಪಣೆಯನ್ನು ನಾವು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ. ಪ್ಲಗಿನ್‌ಗಳ ಬಗೆಗಿನ ಬಹುಪಾಲು ತೀರ್ಮಾನಗಳು ಇಂಟರ್‌ನೆಟ್ ಸದಾ ಇರುತ್ತದೆ ಎಂದು ತಿಳಿದವರು ಮಾಡಿದವು. ಆರಿದ್ರಾ ಮಳೆ ಹಿಡಿದರೆ ಕರೆಂಟೂ ಟವರೂ ಒಟ್ಟಿಗೇ ಹೋಗುವ ಹೊಸನಗರ, ನಗರ, ಆಗುಂಬೆ ಸುತ್ತಿನ ಹಳ್ಳಿಗಳಲ್ಲಿ “ಒಂದು ಕ್ಲಿಕ್ಕಿನಲ್ಲಿ ಇನ್‌ಸ್ಟಾಲ್” ಎಂಬ ಮಾತಿಗೆ ಅರ್ಥವಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವೂ ಇಲ್ಲ ಎಂಬ ಘೋಷಣೆ ಕೇಳಿಬಂದ ಜಿಲ್ಲೆ ಇದು.

ಈ ವಿಷಯದಲ್ಲಿ ಒಂದು ದೊಡ್ಡ ಯೋಜನೆಯೇ ಮನಸ್ಸು ಬದಲಿಸಿದ ಉದಾಹರಣೆಯಿದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ತಂಡವು ವೈಫೈ ಮೊದಲಾದ ಯಂತ್ರಭಾಗಗಳಿಗೆ ಬೇಕಾದ, ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಇನ್‌ಸ್ಟಾಲ್ ಡಿಸ್ಕಿನಿಂದ ತತ್ತ್ವದ ಕಾರಣಕ್ಕಾಗಿ ಬಹುಕಾಲ ಹೊರಗಿಟ್ಟಿತ್ತು. ಹೀಗಾಗಿ ಫರ್ಮ್‌ವೇರ್ ತರಲು ವೈಫೈ ಬೇಕು, ವೈಫೈ ನಡೆಯಲು ಫರ್ಮ್‌ವೇರ್ ಬೇಕು ಎಂಬ ಇಕ್ಕಟ್ಟಿನಲ್ಲಿ ಎಷ್ಟೋ ಲ್ಯಾಪ್‌ಟಾಪ್‌ಗಳು ನಿಂತುಬಿಡುತ್ತಿದ್ದವು. 2022ರಲ್ಲಿ ಸದಸ್ಯರು ಮತ ಹಾಕಿ ಅದನ್ನು ಡಿಸ್ಕಿನಲ್ಲೇ ಸೇರಿಸಲು ಒಪ್ಪಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಜೊತೆಗೇ ಬರುತ್ತಿದೆ. ತತ್ತ್ವವನ್ನು ಪೂರ್ತಿ ಬಿಟ್ಟುಕೊಡದೆ, ಅಂಥ ಫರ್ಮ್‌ವೇರಿಗೆ ಪ್ರತ್ಯೇಕ ವಿಭಾಗವನ್ನೇ ಮಾಡಿ, ಬೇಡವೆಂದವರಿಗೆ ಬಿಡುವ ಅವಕಾಶವನ್ನೂ ಉಳಿಸಿದರು. ನಮ್ಮ ಮಟ್ಟಿಗೆ ಇದು ಸರಿಯಾದ ತೀರ್ಮಾನ.

ಎಲ್ಲವನ್ನೂ ಜೊತೆಗೇ ಕೊಡಿ ಎನ್ನುವುದಕ್ಕಿಂತ, ಬೇರೆಯಾಗಿ ಕೊಡುವುದನ್ನು ಒಂದೇ ಕಡತವಾಗಿ, ಇಂಟರ್‌ನೆಟ್ ಇಲ್ಲದೆಯೂ ಹಾಕಿಕೊಳ್ಳುವಂತೆ ಕೊಡಿ ಎಂಬುದು ನಮ್ಮ ಬೇಡಿಕೆ. ಕ್ಯೂಜಿಐಎಸ್‌ನ ಪ್ಲಗಿನ್ ಮ್ಯಾನೇಜರ್‌ನಲ್ಲಿ ಜಿಪ್ ಕಡತದಿಂದ ಇನ್‌ಸ್ಟಾಲ್ ಮಾಡುವ ಆಯ್ಕೆ ಇದೆ, ಕೋಹಾದ ಪ್ಲಗಿನ್‌ಗಳು ಕೆಪಿಝಡ್ ಎಂಬ ಒಂದೇ ಕಡತವಾಗಿ ಬರುತ್ತವೆ. ಎರಡನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಕಷ್ಟ ಬರುವುದು ಪ್ಲಗಿನ್ ತಾನಾಗಿಯೇ ಇನ್ನೂ ನಾಲ್ಕು ಪೈಥಾನ್ ಲೈಬ್ರರಿಗಳನ್ನು ಇಂಟರ್‌ನೆಟ್‌ನಿಂದ ಎಳೆದುಕೊಳ್ಳಲು ಹೊರಟಾಗ. ಎಲೆಚುಕ್ಕಿ ರೋಗ ಹರಡಿದ ತೋಟಗಳನ್ನು ನಕ್ಷೆಯಲ್ಲಿ ಗುರುತಿಸಲು ಹೊರಟವರ ಲ್ಯಾಪ್‌ಟಾಪಿನಲ್ಲಿ ಜಿಪ್ ಕಡತವೇನೋ ಸರಾಗವಾಗಿ ಸೇರಿಕೊಳ್ಳುತ್ತದೆ; ಚಾಲೂ ಮಾಡಿದ ಕೂಡಲೇ ಕಿಟಕಿಯ ನೆತ್ತಿಯ ಮೇಲೆ ಕೆಂಪು ಪಟ್ಟಿ ಮೂಡಿ, ಯಾವುದೋ ಮಾಡ್ಯೂಲ್ ಸಿಗಲಿಲ್ಲ ಎನ್ನುತ್ತದೆ. ಪ್ಲಗಿನ್ ಬರೆಯುವವರು ಹೊರಗಿನ ಲೈಬ್ರರಿಗಳನ್ನು ಆದಷ್ಟು ಕಡಿಮೆ ಮಾಡಬೇಕು, ಅನಿವಾರ್ಯವಾದವನ್ನು ಪರವಾನಗಿ ಒಪ್ಪುವುದಾದರೆ ಜಿಪ್ ಕಡತದೊಳಗೇ ಇಡಬೇಕು.

ತಾಳಮದ್ದಳೆ ರೆಕಾರ್ಡಿಂಗನ್ನು ಎಂಪಿತ್ರೀ ಮಾಡಲು ಮೊದಲೆಲ್ಲ ಬೇರೆ ಕಡತ ಹುಡುಕಬೇಕಿತ್ತು, ಈಗ ಬೇಡ. ಏನು ಬದಲಾಯಿತು?

ತಂತ್ರಾಂಶವೇನೂ ಏಕಾಏಕಿ ಬುದ್ಧಿವಂತವಾಗಲಿಲ್ಲ, ಪೇಟೆಂಟ್‌ಗಳು ಮುಗಿದವು. ಎಂಪಿತ್ರೀ ತಂತ್ರಜ್ಞಾನಕ್ಕೆ ಪೇಟೆಂಟ್ ಇದ್ದ ಕಾಲದಲ್ಲಿ ಲೇಮ್ ಎಂಬ ಎನ್‌ಕೋಡರನ್ನು ಅಡಾಸಿಟಿ ತನ್ನೊಂದಿಗೆ ಹಂಚುವಂತಿರಲಿಲ್ಲ. ಆದ್ದರಿಂದ ಇಡೀ ರಾತ್ರಿಯ ಪ್ರಸಂಗವನ್ನು ಕತ್ತರಿಸಿ, ಚೆಂಡೆಯ ಅಬ್ಬರವನ್ನು ತಗ್ಗಿಸಿ, ಕೊನೆಗೆ ಎಕ್ಸ್‌ಪೋರ್ಟ್ ಒತ್ತಿದಾಗ ಲೇಮ್‌ನ ಡಿಎಲ್‌ಎಲ್ ಕಡತ ಎಲ್ಲಿದೆ ತೋರಿಸಿ ಎಂಬ ಕಿಟಕಿ ತೆರೆದುಕೊಳ್ಳುತ್ತಿತ್ತು. ಎಂಪಿತ್ರೀ ಪೇಟೆಂಟ್‌ಗಳ ಪರವಾನಗಿ ಕಾರ್ಯಕ್ರಮವನ್ನು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2017ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. 2019ರಲ್ಲಿ ಬಂದ ಅಡಾಸಿಟಿ 2.3.2ರಿಂದ ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಲೇಮ್ ಒಳಗೇ ಬರತೊಡಗಿತು.

ಬೇರೆ ಬೇರೆ ಬಗೆಯ ಕಡತಗಳನ್ನು ಓದುವ ಎಫ್‌ಎಫ್‌ಎಂಪೆಗ್ ಮಾತ್ರ ಇನ್ನೂ ಹೊರಗಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿದ ಎಂ4ಎ ಕಡತವನ್ನು ವಿಂಡೋಸ್‌ನ ಅಡಾಸಿಟಿಯಲ್ಲಿ ತೆರೆಯಲು ಅದನ್ನು ಬೇರೆಯಾಗಿಯೇ ಹಾಕಿಕೊಳ್ಳಬೇಕು. ರೆಕಾರ್ಡಿಂಗ್‌ಗೆ ಹೊರಡುವ ಮೊದಲೇ, ಪೇಟೆಯಲ್ಲಿರುವಾಗಲೇ ಅದನ್ನು ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಪೇಟೆಂಟ್ ಕಾರಣಕ್ಕೆ ಪ್ಲಗಿನ್ನನ್ನು ಬೇರೆ ಇಡುವ ಪದ್ಧತಿ ಅಡಾಸಿಟಿಯದಷ್ಟೇ ಅಲ್ಲ. ಧ್ವನಿ, ವಿಡಿಯೊ ನಡೆಸುವ ಜಿಸ್ಟ್ರೀಮರ್ ತನ್ನ ಪ್ಲಗಿನ್‌ಗಳನ್ನು ಗುಡ್, ಬ್ಯಾಡ್, ಅಗ್ಲಿ ಎಂಬ ಹೆಸರಿನ ಬೇರೆ ಬೇರೆ ಕಟ್ಟುಗಳಾಗಿ ಹಂಚುತ್ತದೆ. ಕೋಡೂ ಪರವಾನಗಿಯೂ ಚೆನ್ನಾಗಿದ್ದರೆ ಗುಡ್, ಕೋಡು ಚೆನ್ನಾಗಿದ್ದು ಹಂಚುವುದರಲ್ಲಿ ಕಾನೂನಿನ ತೊಡಕಿರಬಹುದಾದರೆ ಅಗ್ಲಿ, ಕೋಡಿಗೇ ಇನ್ನೂ ಪರೀಕ್ಷೆಯೋ ದಾಖಲೆಯೋ ನೋಡಿಕೊಳ್ಳುವವರೋ ಸಾಲದಿದ್ದರೆ ಬ್ಯಾಡ್. ಹಾಸ್ಯದ ಹೆಸರುಗಳಾದರೂ ಯಾವುದನ್ನು ಏಕೆ ಬೇರೆ ಇಟ್ಟಿದ್ದೇವೆ ಎಂದು ಇಷ್ಟು ಸ್ಪಷ್ಟವಾಗಿ ಹೇಳುವ ವಿಂಗಡಣೆ ನಮಗೆ ಇನ್ನೊಂದು ಕಂಡಿಲ್ಲ.

ಕನ್ನಡದ ಸೌಲಭ್ಯಗಳು ಯಾವಾಗಲೂ “ಹೆಚ್ಚುವರಿ” ಪಟ್ಟಿಯಲ್ಲೇ ಇರುವುದೇಕೆ?

ನ್ಯಾಯವಾದ ಅಸಮಾಧಾನ ಇದು. ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶವನ್ನು ನೋಡಿ. ಎಚ್‌ಪಿ ಸಂಸ್ಥೆಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾದ ಇದು ನೂರಕ್ಕೂ ಹೆಚ್ಚು ಭಾಷೆಗಳನ್ನು ಓದಬಲ್ಲದು, ಕನ್ನಡವೂ ಅವುಗಳಲ್ಲಿ ಒಂದು. ಆದರೆ ಡೆಬಿಯನ್, ಉಬುಂಟುಗಳಲ್ಲಿ ಅದನ್ನು ಹಾಕಿಕೊಂಡರೆ ಬರುವುದು ಇಂಗ್ಲಿಷ್ ಮಾತ್ರ. ಕನ್ನಡದ ದತ್ತಾಂಶಕ್ಕೆ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು. ಅದು ಗೊತ್ತಿಲ್ಲದೆ ಹಳೆಯ ಸ್ಮರಣ ಸಂಚಿಕೆಯ ಪುಟವನ್ನು ಸ್ಕ್ಯಾನ್ ಮಾಡಿ ಕೊಟ್ಟರೆ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಒಂದು ರಾಶಿ ಹೊರಬರುತ್ತದೆ, ನೋಡಿದವರು ಈ ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲ ಎಂದೇ ತೀರ್ಮಾನಿಸಿ ಎದ್ದುಬಿಡುತ್ತಾರೆ. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವುದೂ ಹೀಗೆಯೇ. ಐಬಸ್ ಎಂಬ ಚೌಕಟ್ಟು ಒಂದು ಪ್ಯಾಕೇಜ್, ಅದಕ್ಕೆ ಎಂ17ಎನ್ ಎಂಬ ಯಂತ್ರವನ್ನು ಜೋಡಿಸುವುದು ಇನ್ನೊಂದು, ಕೆಜಿಪಿ ಮೊದಲಾದ ಕೀಲಿಮಣೆ ವಿನ್ಯಾಸಗಳು ಇರುವುದು ಮತ್ತೊಂದರಲ್ಲಿ.

ನೂರು ಭಾಷೆಗಳನ್ನೂ ಎಲ್ಲರಿಗೂ ಕಳಿಸುವುದು ಸರಿಯಲ್ಲವೆಂಬುದನ್ನು ಒಪ್ಪೋಣ. ಆದರೆ ಕಂಪ್ಯೂಟರಿನ ಭಾಷೆ ಕನ್ನಡವೆಂದು ಆರಿಸಿದವರಿಗೆ ಕನ್ನಡದ ತುಣುಕುಗಳನ್ನು ಕೇಳದೆಯೇ ಜೊತೆಗೆ ಕೊಡುವುದು ಕಷ್ಟದ ಕೆಲಸವಲ್ಲ. ಭಾಷೆಯ ದತ್ತಾಂಶವು ಕೋಡ್‌ನಂತೆ ಬೇಗ ಹಾಳಾಗುವುದಿಲ್ಲ, ಅದರಿಂದ ಭದ್ರತೆಯ ಅಪಾಯವೂ ಕಡಿಮೆ. ಆದ್ದರಿಂದ ಜೊತೆಗೆ ಕೊಡುವುದರ ವಿರುದ್ಧ ಮೇಲೆ ಹೇಳಿದ ವಾದಗಳು ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

ಪ್ಲಗಿನ್ನನ್ನು ಬೇರೆಯಾಗಿ ಹಂಚಿದರೆ ಜಿಪಿಎಲ್ (ಬದಲಿಸಿ ಹಂಚುವ ಕೃತಿಯನ್ನೂ ಮುಕ್ತವಾಗಿಯೇ ಇಡಬೇಕೆನ್ನುವ) ಪರವಾನಗಿ ಅದಕ್ಕೆ ಅನ್ವಯಿಸುವುದಿಲ್ಲವೇ?

ಬೇರೆ ಕಡತದಲ್ಲಿ ಕೊಟ್ಟ ಮಾತ್ರಕ್ಕೆ ತಪ್ಪಿಸಿಕೊಂಡಂತಾಗುವುದಿಲ್ಲ. ಪ್ಲಗಿನ್ನು ಮೂಲ ತಂತ್ರಾಂಶದ ಫಂಕ್ಷನ್‌ಗಳನ್ನು ನೇರವಾಗಿ ಕರೆಯುತ್ತಾ, ಅದರ ದತ್ತಾಂಶ ರಚನೆಗಳನ್ನು ಹಂಚಿಕೊಳ್ಳುತ್ತಾ ಒಂದೇ ಪ್ರಕ್ರಿಯೆಯಾಗಿ ನಡೆದರೆ ಎರಡನ್ನೂ ಕೂಡಿಸಿ ಒಂದೇ ಕೃತಿಯೆಂದು ಎಣಿಸಬೇಕು ಎನ್ನುವುದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ವ್ಯಾಖ್ಯಾನ. ಪ್ರತ್ಯೇಕ ಪ್ರೋಗ್ರಾಂ ಆಗಿ ನಡೆದು, ಆಜ್ಞೆಗಳ ಮೂಲಕವಷ್ಟೇ ಮಾತನಾಡಿದರೆ ಅದು ಬೇರೆಯೇ ಕೃತಿ. ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರವಂತೂ ಜಿಪಿಎಲ್‌ಗೆ ಹೊಂದುವ ಪ್ಲಗಿನ್‌ಗಳನ್ನಷ್ಟೇ ಸೇರಿಸಿಕೊಳ್ಳುತ್ತದೆ.

ಸುರಕ್ಷತೆಯ ದೃಷ್ಟಿಯಿಂದ ಯಾವುದು ಮೇಲು?

ಹೊರಗಿನ ಪ್ಲಗಿನ್‌ಗಳಲ್ಲಿ ಇರುವ ದೊಡ್ಡ ಅಪಾಯ ಒಡೆತನ ಕೈಬದಲಾಗುವುದು. ವರ್ಡ್‌ಪ್ರೆಸ್‌ನ ಡಿಸ್‌ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್ ಸುಮಾರು ಎರಡು ಲಕ್ಷ ಜಾಲತಾಣಗಳಲ್ಲಿತ್ತು. 2017ರಲ್ಲಿ ಅದನ್ನು ಕೊಂಡವರು ಅಪ್‌ಡೇಟ್‌ನೊಳಗೆ ಹಿಂಬಾಗಿಲನ್ನು ಸೇರಿಸಿ ಕಳಿಸಿದರು. ದಿ ಗ್ರೇಟ್ ಸಸ್ಪೆಂಡರ್ ಎಂಬ ಕ್ರೋಮ್ ಎಕ್ಸ್‌ಟೆನ್ಶನ್ನಿನ ಕೋಡು ಮುಕ್ತವಾಗಿತ್ತು, ಆದರೆ 2020ರಲ್ಲಿ ಕೈಬದಲಾದ ಮೇಲೆ ಅಂಗಡಿಯ ಮೂಲಕ ಬಂದ ಆವೃತ್ತಿ ಆ ಕೋಡಿಗೆ ತಾಳೆಯಾಗುತ್ತಿರಲಿಲ್ಲ. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ನಿಷ್ಕ್ರಿಯಗೊಳಿಸಿತು. ಎರಡು ಪ್ರಕರಣಗಳಲ್ಲೂ ಬಳಕೆದಾರರು ಹೊಸದಾಗಿ ಏನನ್ನೂ ಹಾಕಿಕೊಂಡಿರಲಿಲ್ಲ, ಹಳೆಯದೇ ಅಪ್‌ಡೇಟ್ ಆಯಿತು.

ಹಾಗೆಂದು ಒಳಗೆ ಬಂದದ್ದೆಲ್ಲ ಶುದ್ಧವೆಂದಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಪತ್ತೆಯಾಯಿತು. ಅದರ ಗುರಿ ಇದ್ದದ್ದು ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್‌ನ ಮೇಲೆ, ಆದರೆ ಎಸ್‌ಎಸ್‌ಎಚ್‌ಗೆ ಆ ಲೈಬ್ರರಿಯ ಅಗತ್ಯವೇ ಇರಲಿಲ್ಲ. ಕೆಲವು ಲಿನಕ್ಸ್ ವಿತರಣೆಗಳು ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿಯೊಂದಿಗೆ ಮಾತನಾಡಲೆಂದು ಸೇರಿಸಿದ ತೇಪೆಯ ಬಾಲ ಹಿಡಿದು ಅದು ಒಳಗೆ ಬಂದಿತ್ತು. ಬೇಕಾದಾಗ ಮಾತ್ರ ಲೋಡ್ ಆಗುವಂತೆ ಇಟ್ಟಿದ್ದರೆ ಆ ದಾರಿಯೇ ತೆರೆಯುತ್ತಿರಲಿಲ್ಲ. ಒಳಗೋ ಹೊರಗೋ ಎಂಬುದಕ್ಕಿಂತ, ಬೇಡದ್ದು ಚಾಲೂ ಆಗಿದೆಯೇ ಎಂದು ಮೊದಲು ನೋಡಿ.

ಪ್ಲಗಿನ್ ಭಂಡಾರ ಯಾರ ಕೈಯಲ್ಲಿರುತ್ತದೆ ಎಂಬುದು ಮುಖ್ಯವೇ?

ತುಂಬಾ ಮುಖ್ಯ, ಮತ್ತು 2024ರವರೆಗೆ ಬಹಳ ಮಂದಿ ಇದನ್ನು ಯೋಚಿಸಿಯೇ ಇರಲಿಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರವು ಡಬ್ಲ್ಯೂಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ಸರ್ವರ್‌ಗಳಿಗೆ ಬಾಗಿಲು ಹಾಕಿತು. ಅಕ್ಟೋಬರ್‌ನಲ್ಲಿ ಆ ಕಂಪನಿಯೇ ನೋಡಿಕೊಳ್ಳುತ್ತಿದ್ದ, ಹೆಚ್ಚು ಬಳಕೆಯಲ್ಲಿರುವ ಅಡ್ವಾನ್ಸ್‌ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್ನಿನ ಜಾಗದಲ್ಲಿ ಅದರದೇ ಕೋಡಿನಿಂದ ಮಾಡಿದ, ಹೊಸ ಹೆಸರಿನ ಕವಲನ್ನು ಭಂಡಾರ ನಡೆಸುವವರೇ ತಂದಿಟ್ಟರು. ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದು ಮಧ್ಯಂತರ ಆದೇಶ ನೀಡಿ ಮೊದಲಿದ್ದ ಪ್ರವೇಶವನ್ನು ಮರಳಿಸಲು ಹೇಳಿತು. ಜಗಳದಲ್ಲಿ ಯಾರ ಕಡೆ ನ್ಯಾಯವಿತ್ತು ಎಂಬುದು ಬೇರೆ ಮಾತು. ಕೋಡು ಮುಕ್ತವಾಗಿದ್ದರೂ ಅದು ನಮಗೆ ತಲುಪುವ ದಾರಿ ಒಂದೇ ಇದ್ದು, ಆ ದಾರಿ ಒಬ್ಬರ ಕೈಯಲ್ಲಿದ್ದರೆ, ಬೇರೆಯಾಗಿ ಹಂಚುವುದರಿಂದ ಬರಬೇಕಾದ ಸ್ವಾತಂತ್ರ್ಯ ಬರುವುದಿಲ್ಲ.

ಜೊತೆಗೆ ಕೊಡುವುದು, ಬೇರೆ ಇಡುವುದು, ಇವೆರಡರ ನಡುವಿನ ದಾರಿ ಇಲ್ಲವೇ?

ಇದೆ, ಮತ್ತು ಅನುಭವವುಳ್ಳ ಯೋಜನೆಗಳು ಕೊನೆಗೆ ಅಲ್ಲಿಗೇ ಬಂದು ನಿಂತಿವೆ. ಸರ್ವರ್‌ಗಳನ್ನು ಸಜ್ಜುಗೊಳಿಸುವ ಆನ್ಸಿಬಲ್‌ನ 2.9ನೆಯ ಆವೃತ್ತಿಯವರೆಗೆ ಮೂರು ಸಾವಿರಕ್ಕೂ ಹೆಚ್ಚು ಮಾಡ್ಯೂಲ್‌ಗಳು ಒಂದೇ ಕಣಜದಲ್ಲಿದ್ದವು. ಒಂದು ಮಾಡ್ಯೂಲ್‌ನ ಸಣ್ಣ ದೋಷವನ್ನು ತಿದ್ದಿದರೂ ಇಡೀ ತಂತ್ರಾಂಶದ ಮುಂದಿನ ಬಿಡುಗಡೆಗೆ ಕಾಯಬೇಕಿತ್ತು. 2020ರಲ್ಲಿ 2.10ರೊಂದಿಗೆ ಅವುಗಳನ್ನು ಕಲೆಕ್ಷನ್ ಎಂಬ ಬೇರೆ ಬೇರೆ ಕಟ್ಟುಗಳಾಗಿ ಒಡೆದರು, ಪ್ರತಿ ಕಟ್ಟಿಗೂ ಅದರದೇ ತಂಡ, ಅದರದೇ ವೇಳಾಪಟ್ಟಿ. ಆದರೆ ಬಳಕೆದಾರರನ್ನು ನಡುನೀರಿನಲ್ಲಿ ಬಿಡಲಿಲ್ಲ: ತಿರುಳಷ್ಟೇ ಬೇಕಾದವರಿಗೆ ಒಂದು ಪ್ಯಾಕೇಜ್, ಆಯ್ದ ಕಟ್ಟುಗಳೆಲ್ಲ ಸೇರಿದ ದೊಡ್ಡ ಪ್ಯಾಕೇಜ್ ಇನ್ನೊಂದು.

ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಜೆಂಕಿನ್ಸ್ 2016ರ ಏಪ್ರಿಲ್‌ನಲ್ಲಿ 2.0ಕ್ಕೆ ಬಂದಾಗ ಬೇರೆ ಉಪಾಯ ಮಾಡಿತು. ಮೊದಲ ಸಲ ತೆರೆದಾಗಲೇ ಅದು ಸಲಹೆ ಮಾಡಿದ ಪ್ಲಗಿನ್‌ಗಳನ್ನು ಹಾಕಲೋ, ನೀವೇ ಆರಿಸುತ್ತೀರೋ ಎಂದು ಕೇಳುತ್ತದೆ. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಟಿಪ್ಪಣಿ ಬರೆದಿಡುವ ಆರ್ಗ್ ಮೋಡ್ ಒಳಗೂ ಹೊರಗೂ ಎರಡೂ ಕಡೆ ಇದೆ. 2007ರಲ್ಲಿ ಬಂದ 22ನೆಯ ಆವೃತ್ತಿಯಿಂದ ಅದು ಈಮ್ಯಾಕ್ಸ್‌ನೊಂದಿಗೇ ಬರುತ್ತದೆ, ಹೊಸದು ಬೇಕಾದವರು ಎಲ್ಪಾ ಭಂಡಾರದಿಂದ ತಂದು ಅದರ ಮೇಲೆ ಹಾಕಿಕೊಳ್ಳಬಹುದು. ನೆಟ್‌ವರ್ಕ್ ಇಲ್ಲದವನಿಗೆ ಸ್ವಲ್ಪ ಹಳೆಯದಾದರೂ ಕೆಲಸ ಮಾಡುವ ಪ್ರತಿ ಕೈಯಲ್ಲಿರುತ್ತದೆ. ಮಲೆನಾಡಿನಲ್ಲಿ ಕುಳಿತು ನೋಡಿದಾಗ ನಮಗೆ ಹೆಚ್ಚು ಹಿಡಿಸುವುದು ಈ ಮೂರನೆಯದು.

ನಾವು ವಿದ್ಯಾರ್ಥಿಗಳು, ಸಹಕಾರ ಸಂಘಗಳಿಗಾಗಿ ಒಂದು ಮುಕ್ತ ತಂತ್ರಾಂಶ ಬರೆಯುತ್ತಿದ್ದೇವೆ. ಗೆರೆ ಎಲ್ಲಿ ಎಳೆಯಬೇಕು?

ಎಷ್ಟು ಜನಕ್ಕೆ ಬೇಕು ಎಂದು ಕೇಳುವ ಮೊದಲು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ನಿಮ್ಮಲ್ಲಿ ಒಬ್ಬರು ಮುಂದಿನ ವರ್ಷವೂ, ಕಾಲೇಜು ಮುಗಿಸಿ ಬೆಂಗಳೂರಿಗೆ ಹೋದ ಮೇಲೂ ಆ ಪ್ಲಗಿನ್ನನ್ನು ತಿದ್ದಿಕೊಡುತ್ತಾರೆಂಬ ಖಚಿತತೆ ಇದ್ದರೆ ಒಳಗೆ ಸೇರಿಸಿ, ಇಲ್ಲದಿದ್ದರೆ ಹೊರಗಿಡಿ. ತಂತ್ರಾಂಶವನ್ನು ಮೊದಲ ಸಲ ತೆರೆದವರು ಯಾವ ಕೆಲಸಕ್ಕಾಗಿ ಬಂದಿರುತ್ತಾರೋ ಅದಕ್ಕೆ ಬೇಕಾದದ್ದು ಮಾತ್ರ ಒಳಗೇ ಇರಲೇಬೇಕು. ಸಂಘದ ಗುಮಾಸ್ತರು ಅಡಿಕೆ ಆವಕದ ರಸೀದಿಯನ್ನು ಕನ್ನಡದಲ್ಲಿ ಮುದ್ರಿಸಲು ಒಂದು ಪ್ಲಗಿನ್ ಹುಡುಕಬೇಕಾಗಿ ಬಂದರೆ ಅವರು ನಿಮ್ಮ ತಂತ್ರಾಂಶವನ್ನು ಮತ್ತೆ ತೆರೆಯುವುದಿಲ್ಲ. ಬ್ಯಾಂಕಿಗೆ ಜೋಡಿಸುವುದು, ಎಸ್‌ಎಂಎಸ್ ಕಳಿಸುವುದು ಇಂಥ ಹೊರಗಿನವರ ನಿಯಮ ಬದಲಾದಾಗಲೆಲ್ಲ ಬದಲಾಗುವ ತುಣುಕುಗಳನ್ನು ಬೇರೆ ಇಡಿ, ಏಕೆಂದರೆ ಅವುಗಳ ಓಟಕ್ಕೂ ನಿಮ್ಮ ಬಿಡುಗಡೆಯ ವೇಳಾಪಟ್ಟಿಗೂ ಎಂದೂ ಹೊಂದುವುದಿಲ್ಲ.

ಇನ್ನೊಂದು ಮಾತು. ಪ್ಲಗಿನ್ ವ್ಯವಸ್ಥೆಯನ್ನು ಮೊದಲ ಆವೃತ್ತಿಯಲ್ಲೇ ಕಟ್ಟಲು ಹೋಗಬೇಡಿ. ಯಾವ ಕೊಂಡಿಗಳು ಬೇಕಾಗುತ್ತವೆ ಎಂದು ತಿಳಿಯಲು ಕನಿಷ್ಠ ಒಂದು ಸಂಘದಲ್ಲಾದರೂ ಒಂದು ಅಡಿಕೆ ಕೊಯ್ಲು ಮುಗಿಯಬೇಕು.

ಗ್ರಂಥಾಲಯದ ಕೋಹಾದಲ್ಲಿ ಪ್ಲಗಿನ್ ಹಾಕಿದ್ದೇವೆ. ಅಪ್‌ಗ್ರೇಡ್ ಮಾಡುವಾಗ ಏನು ನೋಡಬೇಕು?

ಕೋಹಾದ ಹೊಸ ಆವೃತ್ತಿಗಳು ಪ್ರತಿ ವರ್ಷ ಮೇ ಮತ್ತು ನವೆಂಬರ್‌ನಲ್ಲಿ ಬರುತ್ತವೆ, ಪ್ಲಗಿನ್‌ಗಳು ಆ ವೇಳಾಪಟ್ಟಿಗೆ ಕಟ್ಟುಬಿದ್ದಿಲ್ಲ. ಆದ್ದರಿಂದ ಮೊದಲು ಕೋಹಾ ಡಂಪ್ (ದತ್ತಾಂಶದ ನಕಲು) ತೆಗೆದಿಟ್ಟುಕೊಳ್ಳಿ; ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ಮರುಸ್ಥಾಪಿಸಿ ಅಲ್ಲಿ ಅಪ್‌ಗ್ರೇಡ್ ಮಾಡಿ ನೋಡಿ; ಪ್ಲಗಿನ್ನಿನ ವಿವರದಲ್ಲಿ ಬರೆದಿರುವ ಕನಿಷ್ಠ ಆವೃತ್ತಿಯನ್ನೂ, ಹೊಸ ಆವೃತ್ತಿಯಲ್ಲಿ ಪರೀಕ್ಷಿಸಿದ್ದಾರೆಯೇ ಎಂಬುದನ್ನೂ ಗಮನಿಸಿ. ಕೋಹಾದ ಪ್ಲಗಿನ್‌ಗೆ ಓದುಗರ ಹೆಸರು, ವಿಳಾಸ, ಎರವಲು ದಾಖಲೆ ಎಲ್ಲಕ್ಕೂ ಕೈ ನಿಲುಕುತ್ತದೆ, ಹೀಗಾಗಿ ವಾಟ್ಸಾಪ್ ಗುಂಪಿನಲ್ಲಿ ಬಂದ ಕೆಪಿಝಡ್ ಕಡತವನ್ನು ಯಾರು ಕಳಿಸಿದರೂ ಹಾಕಬೇಡಿ.

ಪ್ಲಗಿನ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತುಂಬಿ ಬೇರೆ ಶಾಲೆ, ಸಂಘಗಳಿಗೆ ಕೊಡಬಹುದೇ?

ಮುಕ್ತ ಪರವಾನಗಿಯವಾದರೆ ಧಾರಾಳವಾಗಿ ಕೊಡಬಹುದು. ಪರವಾನಗಿಯ ಕಡತವನ್ನು ಅಳಿಸಬಾರದು, ಮತ್ತು ಜಿಪಿಎಲ್ ಅಡಿಯಲ್ಲಿರುವ ತಂತ್ರಾಂಶವನ್ನು ಬೈನರಿ ರೂಪದಲ್ಲಿ ಕೊಟ್ಟರೆ ಅದರ ಸೋರ್ಸ್ ಕೋಡನ್ನೂ ಒದಗಿಸಬೇಕು. ಅದೇ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟರೆ ಮುಗಿಯಿತು. ಇದರಲ್ಲಿ ವಿಚಿತ್ರವಾದ ಒಂದು ಅಪವಾದವಿದೆ. 2014ರಿಂದ ಫೈರ್‌ಫಾಕ್ಸ್ ಬಳಸುತ್ತಿರುವ ಓಪನ್ ಎಚ್264 ಎಂಬ ವಿಡಿಯೊ ಪ್ಲಗಿನ್ನಿನ ಕೋಡು ಮುಕ್ತವಾಗಿದೆ, ಆದರೆ ಪೇಟೆಂಟ್ ಶುಲ್ಕವನ್ನು ಸಿಸ್ಕೋ ಕಂಪನಿ ಕಟ್ಟುವುದು ತಾನೇ ಸಿದ್ಧಪಡಿಸಿ, ತನ್ನ ಸರ್ವರ್‌ನಿಂದಲೇ ಬಳಕೆದಾರರ ಕಂಪ್ಯೂಟರಿಗೆ ಇಳಿದ ಪ್ರತಿಗೆ ಮಾತ್ರ. ಆದ್ದರಿಂದಲೇ ಫೈರ್‌ಫಾಕ್ಸ್ ಅದನ್ನು ತನ್ನೊಂದಿಗೆ ಕಟ್ಟಿ ಕೊಡದೆ ಇನ್‌ಸ್ಟಾಲ್ ಆದ ಮೇಲೆ ಬೇರೆಯಾಗಿ ಇಳಿಸಿಕೊಳ್ಳುತ್ತದೆ. ಆ ಒಂದು ಕಡತವನ್ನು ಪೆನ್‌ಡ್ರೈವ್‌ಗೆ ಹಾಕದೆ, ನೆಟ್‌ವರ್ಕ್ ಸಿಗುವ ಕಡೆ ಲ್ಯಾಪ್‌ಟಾಪ್ ಒಯ್ದು ಒಮ್ಮೆ ಫೈರ್‌ಫಾಕ್ಸ್ ತೆರೆದಿಡಲು ಹೇಳಿ.